ತುರ್ತಾಗಿ ಪದ ಬೇಕು: ಫಿಟ್ಸ್ ಬರುವ ಮೊದಲೇ ತಿಳಿಸುವುದಕ್ಕೆ

ನಮಸ್ಕಾರ. ರೋಗಿಗಳು ಓದಿ ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಪ್ರೆಸ್ಸಿಗೆ ಕೊಡಬೇಕು. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ನೋಡಿ ಅಲ್ಗಾರಿದಂ, ಅಂದರೆ ಕಂಪ್ಯೂಟರ್ ಹಂತ ಹಂತವಾಗಿ ಲೆಕ್ಕ ಹಾಕುವ ಕ್ರಮ, ಎರಡು ಕೆಲಸ ಮಾಡುತ್ತದೆ. ಫಿಟ್ಸ್ ಶುರುವಾದದ್ದನ್ನು ಗುರುತಿಸುವುದು ಒಂದು, ಬರುವ ಮೊದಲೇ ತಿಳಿಸುವುದು ಇನ್ನೊಂದು. ಮೊದಲನೆಯದಕ್ಕೆ ‘ಪತ್ತೆ’ ಸಾಕು. ಎರಡನೆಯದಕ್ಕೆ? ‘ಮುನ್ನೆಚ್ಚರಿಕೆ’ ಅಂದರೆ ಜಾಗ್ರತೆ ಅಂತಾಗುತ್ತದೆ. ‘ಭವಿಷ್ಯ’ ಅಂದರೆ ಜೋಯಿಸರ ಕೆಲಸ. ಕಂಪ್ಯೂಟರ್ ಅನುವಾದ ಫಿಟ್ಸಿಗೇ ‘ರೋಗಗ್ರಸ್ತವಾಗುವಿಕೆ’ ಅನ್ನುತ್ತದೆ!
— ಮಣಿಪಾಲ

ಚರಕನ ಕಾಲದಿಂದ ‘ಅಪಸ್ಮಾರ’ ಇದೆ. ಸ್ಮೃತಿ ತಪ್ಪುವುದು. ‘ಅಪಸ್ಮಾರ ಪೂರ್ವಾನುಮಾನ’ ಅಂತ ಹಾಕಿ. ಅಲ್ಗಾರಿದಂಗೆ ‘ಕ್ರಮವಿಧಿ’. ಮುಗಿಯಿತು.
— ಕೊಡಿಯಾಲಬೈಲ್

ಎಂತ ಮುಗಿಯುವುದು? ಅಪಸ್ಮಾರ ಕಾಯಿಲೆಯ ಹೆಸರು. ಇವರು ಕೇಳಿದ್ದು ಒಂದೊಂದು ಸಲ ಬರುವುದಕ್ಕೆ. ಅಚ್ಚಕನ್ನಡದ ‘ಸೆಳವು’ ಇದೆಯಲ್ಲ. ‘ಸೆಳವಿನ ಮುನ್ನರಿವು’. ಸಂಸ್ಕೃತ ಸಾಲ ಸಾಕು.
— ಪುತ್ತೂರು

ಸೆಳವು ಅಂದರೆ ನಮಗೆ ಕಡಲಿನದ್ದು ಮಾರಾಯ್ರೇ. ಆಸ್ಪತ್ರೆಯ ಕಾಗದದಲ್ಲಿ ಕಂಡರೆ ಜನ ನಗುತ್ತಾರೆ.
— ಮಲ್ಪೆ

ಇಇಜಿ ತೆಗೆಯುವುದೇ ನನ್ನ ಕೆಲಸ. ಕೆಲವು ಮಕ್ಕಳು ಬೀಳುವುದಿಲ್ಲ, ನಡುಗುವುದಿಲ್ಲ. ಕೆಲವು ಸೆಕೆಂಡು ಸುಮ್ನೆ ದಿಟ್ಟಿಸಿ ನೋಡುತ್ತಾರೆ, ಅಷ್ಟೇ. ಅದೂ ಫಿಟ್ಸೇ. ಅಲ್ಲಿ ‘ಸೆಳವು’ ಎಲ್ಲಿದೆ? ಇನ್ನು ಕೆಲವರಿಗೆ ಪ್ರಜ್ಞೆಯೇ ತಪ್ಪುವುದಿಲ್ಲ, ಹಾಗಾಗಿ ‘ಮೂರ್ಛೆ’ಯೂ ಆಗದು. ಮನೆಯವರು ಬಂದು ಹೇಳುವುದು ‘ಫಿಟ್ಸ್ ಬಂತು’ ಅಂತಲೇ.

‘ಮುನ್ನರಿವು’ ಇನ್ನೂ ಅಪಾಯ. ಮೊದಲೇ ಗೊತ್ತಾಗುತ್ತದೆ ಅಂತ ಮಾತು ಕೊಟ್ಟ ಹಾಗೆ. ಮೆಲ್ಬರ್ನಿನಲ್ಲಿ 15 ಜನರ ತಲೆಬುರುಡೆಯೊಳಗೆ ಎಲೆಕ್ಟ್ರೋಡ್ ಇಟ್ಟು ಪರೀಕ್ಷಿಸಿದ ವರದಿ 2013ರಲ್ಲಿ ಬಂತು. ಅವರ ಕೈಲಿದ್ದ ಉಪಕರಣ ಇಷ್ಟು ಗಂಟೆಗೆ ಬರುತ್ತದೆ ಅಂತ ಹೇಳುತ್ತಿರಲಿಲ್ಲ. ದೀಪ ತೋರಿಸುತ್ತಿತ್ತು: ಕೆಂಪಾದರೆ ಸಾಧ್ಯತೆ ಜಾಸ್ತಿ, ನೀಲಿಯಾದರೆ ಕಡಿಮೆ. ಕೆಂಪು ಬಂದರೂ ಫಿಟ್ಸ್ ಬರದೆ ಇರಬಹುದು. ‘ಫಿಟ್ಸ್ ಬರುವ ಸಾಧ್ಯತೆ ತಿಳಿಸುವುದು’ ಅಂತ ಬರೆಯಿರಿ. ಉದ್ದವಾದರೆ ಆಗಲಿ. ಸಹಿ ಹಾಕುವವರಿಗೆ ಗೊತ್ತಾಗಬೇಕಲ್ವಾ?
— ಕಂಕನಾಡಿ

ಅದು ಪದವಲ್ಲ, ವಿವರಣೆ. ‘ಫಿಟ್ಸ್’ ಇಂಗ್ಲಿಷ್, ‘ಸಾಧ್ಯತೆ’ ಸಂಸ್ಕೃತ. ಕನ್ನಡ ಯಾವುದು ಇದರಲ್ಲಿ?
— ಪುತ್ತೂರು

‘ಬರುವ’, ‘ತಿಳಿಸುವುದು’. ಸಾಲದಾ? ಕಿಟೆಲ್ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ನಿಘಂಟಿನಲ್ಲಿ ಮರಾಠಿ, ಹಿಂದೂಸ್ತಾನಿ ಪದಗಳಿಗೂ ಜಾಗ ಕೊಟ್ಟಿದ್ದರು. ಅಲ್ಗಾರಿದಂ ಕೂಡ ಇಂಗ್ಲಿಷಿನ ಆಸ್ತಿಯಲ್ಲ. 9ನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿಯ ಹೆಸರು ಸವೆದು ಆದದ್ದು. ಅದು ಹಾಗೇ ಇರಲಿ.
— ಮಲ್ಪೆ

ಮೊದಲು ಆ ‘ಖ’ ತೆಗೆಯಿರಿ. ಕನ್ನಡದ ಬಾಯಿಗೆ ಮಹಾಪ್ರಾಣ ಬೇಡ.
— ಪುತ್ತೂರು

ಶುರುವಾಯಿತು.
— ಕೊಡಿಯಾಲಬೈಲ್

ಕಂಕನಾಡಿಯವರದ್ದನ್ನೇ ಹಾಕಿದ್ದೇನೆ. ಕೆಂಪು ದೀಪದ ಮಾತೂ ಒಂದು ಸಾಲು ಸೇರಿತು. ಅಲ್ಗಾರಿದಂ ಬದಲು ‘ಕಂಪ್ಯೂಟರ್ ಲೆಕ್ಕಾಚಾರ’. ಖ ಇಲ್ಲ.
— ಮಣಿಪಾಲ