ರಾತ್ರಿಯಿಡೀ ರೋಗಿಯ ಪಕ್ಕ ಕೂರುವ ಸಿಸ್ಟರ್‌ಗಳು ಯಾರು?

ಪ್ರಶ್ನೆ: ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅಕ್ಕನ ಪಕ್ಕದ ಮನೆ ಅಜ್ಜನಿಗೆ ಕ್ಯಾನ್ಸರ್, ಕೊನೇ ಹಂತ. ರಾತ್ರಿ ಒಬ್ಬರು ಸಿಸ್ಟರ್ ಬಂದು ನೋಡ್ಕೊಂಡು ಬೆಳಗ್ಗೆ ಹೋಗ್ತಾರಂತೆ, ದುಡ್ಡು ತಗೊಳ್ಳಲ್ವಂತೆ. ಯಾರಿವರು?

ಉತ್ತರ: ಸರ್ವೆಂಟ್ಸ್ ಆಫ್ ಮೇರಿ ಇರಬೇಕು. 1851ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೊಲೆಡಾಡ್ ಟೊರೆಸ್ ಅಕೋಸ್ತಾ ಕಟ್ಟಿ ಬೆಳೆಸಿದ ಧರ್ಮಭಗಿನಿಯರ ಸಂಸ್ಥೆ. ಆಕೆಗೆ 1970ರಲ್ಲಿ ಸಂತ ಪದವಿ ಸಿಕ್ಕಿತು.

ಉತ್ತರ: ನಾನು ಇಲ್ಲೇ ಕ್ಯಾನ್ಸಸ್ ಸಿಟಿಯಲ್ಲಿ ನರ್ಸ್, ಅವರ ಕೆಲಸ ಕಣ್ಣಾರೆ ನೋಡಿದ್ದೀನಿ. ಒಣಗಿದ ತುಟಿಗೆ ಒದ್ದೆ ಸ್ಪಂಜು ಒತ್ತುತ್ತಾರೆ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುತ್ತಾರೆ. ಹಗಲೆಲ್ಲ ದಣಿದ ಹೆಂಡತಿ ಆ ಹೊತ್ತಲ್ಲಿ ನಿದ್ದೆ ಮಾಡಬಹುದು. ನನ್ನ ಪ್ರಕಾರ ಅದೇ ದೊಡ್ಡ ಉಪಕಾರ.

ಪ್ರಶ್ನೆ: ಕ್ರಿಶ್ಚಿಯನ್ ಅಲ್ಲದವರ ಮನೆಗೂ ಬರ್ತಾರಾ ಮೇಡಂ?

ಉತ್ತರ: ಬರ್ತಾರೆ, ಧರ್ಮ ನೋಡಲ್ಲ. ಅವರ ಕಾನ್ವೆಂಟಿಗೆ, ಅಂದ್ರೆ ಸಿಸ್ಟರ್‌ಗಳು ಇರೋ ಮಠಕ್ಕೆ, ಫೋನ್ ಮಾಡಿ ಕೇಳಿ.