ಶಿವಮೊಗ್ಗದಂಥ ಊರು ಹೊಗೆಯ ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕು?

ಗೋಪಾಳದ ಟೀಚರ್

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹವಾಮಾನ ಬದಲಾಗುತ್ತಿದೆ, ನಮ್ಮ ಊರು ಏನು ಮಾಡಬೇಕು ಅಂತ ನಾಲ್ಕು ಪುಟ ಬರೆದು ಪಾಲಿಕೆಗೆ ಕೊಡುವ ಕೆಲಸವನ್ನು ಬಡಾವಣೆ ಸಂಘದವರು ನನಗೆ ಒಪ್ಪಿಸಿದ್ದಾರೆ. ಬೆಂಗಳೂರಿಗೆ 2023ರ ನವೆಂಬರ್‌ನಲ್ಲಿ ಇಂಥದೊಂದು ಯೋಜನೆ ಬಂದಿದೆ, 2050ರ ಗುರಿ ಇಟ್ಟುಕೊಂಡಿದೆ. ಅದನ್ನೇ ನೋಡಿಕೊಂಡು ಬರೆಯಲು ಕುಳಿತೆ. ಎರಡನೇ ಪುಟಕ್ಕೇ ನಿಂತಿತು. ನಮ್ಮದು 2011ರ ಜನಗಣತಿಯಲ್ಲಿ ಮೂರು ಲಕ್ಷ ಚಿಲ್ಲರೆ ಜನರಿದ್ದ ಊರು. ಆ ಅಂಗಿ ನಮಗೆ ದೊಗಳೆ.

ಇನ್ನೊಂದು ಮಾತು. ಸಂಘದ ಹಿರಿಯರೊಬ್ಬರು, "ನಮ್ಮ ಜಿಲ್ಲೆಯಲ್ಲೇ ಶರಾವತಿ ಇದೆ. ನಮ್ಮದು ನೀರಿನ ಕರೆಂಟು. ಅದರಲ್ಲಿ ಹೊಗೆ ಎಲ್ಲಿಂದ ಬಂತು?" ಎಂದು ಕೇಳಿದರು. ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ತಿಳಿದವರು ಹೇಳಿ.

ಜಾಕ್‌ವೆಲ್ (ನಿವೃತ್ತ ಪಂಪ್ ಆಪರೇಟರ್)

ಟೀಚರ್, ಮೊದಲು ಬಿಲ್ಲುಗಳನ್ನು ಒಟ್ಟು ಮಾಡಿ. ಗಿಡ ನೆಡುವುದು, ಜಾಥಾ ಮಾಡುವುದು ಆಮೇಲೆ. ಬೀದಿದೀಪ, ನೀರಿನ ಪಂಪು, ಪಾರ್ಕಿನ ಬೋರು, ಪ್ರತಿ ಮೀಟರಿಗೂ ಒಂದು ಆರ್‌ಆರ್ ನಂಬರ್ ಇರುತ್ತದೆ. ಹನ್ನೆರಡು ತಿಂಗಳ ಯೂನಿಟ್ ಕೂಡಿಸಿ. ದೇಶದ ಗ್ರಿಡ್ಡಿನ (ಎಲ್ಲ ಕಡೆಯ ಕರೆಂಟು ಬಂದು ಸೇರುವ ತಂತಿಜಾಲದ) ಸರಾಸರಿ ಹಿಡಿದರೆ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಕಸದ ಗಾಡಿಗಳ ಡೀಸೆಲ್ ಲೀಟರಿಗೆ 2.7 ಕೆಜಿ ಹಾಕಿ. ಮೊದಲ ವರ್ಷಕ್ಕೆ ಇಷ್ಟು ಸಾಕು. ಇಡೀ ಊರಿನ ಲೆಕ್ಕ ಬೇಕಾದರೆ ಪೆಟ್ರೋಲು ಲೀಟರಿಗೆ 2.3 ಕೆಜಿ, 14.2 ಕೆಜಿಯ ಗ್ಯಾಸ್ ಸಿಲಿಂಡರಿಗೆ ಸುಮಾರು 42 ಕೆಜಿ.

ಈಗ ನನ್ನ ಕೆಲಸದ ವಿಷಯ. ನಾನು ಮಲೆನಾಡಿನ ಒಂದು ಪಟ್ಟಣದಲ್ಲಿ 31 ವರ್ಷ ಹೊಳೆ ನೀರು ಎತ್ತಿದವನು. ಸಾವಿರ ಲೀಟರ್ ನೀರನ್ನು 60 ಮೀಟರ್ ಮೇಲಕ್ಕೆ ಎತ್ತಲು ಲೆಕ್ಕದ ಪ್ರಕಾರ 0.16 ಯೂನಿಟ್ ಸಾಕು. ಪಂಪು, ಮೋಟರು ಎರಡೂ ಸೇರಿ ನೂರಕ್ಕೆ 60ರಷ್ಟು ಕೆಲಸ ಕೊಟ್ಟರೆ 0.27 ಯೂನಿಟ್ ಬೇಕು. ಇಂಪೆಲ್ಲರ್ (ಪಂಪಿನೊಳಗೆ ತಿರುಗುತ್ತಾ ನೀರು ತಳ್ಳುವ ಚಕ್ರ) ಸವೆದು ಅದು 40ಕ್ಕೆ ಇಳಿದರೆ 0.41. ನೀರು ಅಷ್ಟೇ, ಗುಡ್ಡ ಅಷ್ಟೇ. ಪಂಪು ಓಡುತ್ತಲೇ ಇರುತ್ತದೆ, ಹಾಗಾಗಿ ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ನಾನು ಮೂರು ವರ್ಷ ಬರೆದು ಬರೆದು ಕೇಳಿದೆ, ಹೊಸ ಇಂಪೆಲ್ಲರ್ ಬರಲಿಲ್ಲ. ಆ ಮೂರು ವರ್ಷದ ಕರೆಂಟು ಬಿಲ್ಲು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೋರಿಕೆಯೂ ಹಾಗೇ. ರಾತ್ರಿ 2 ಗಂಟೆಗೆ ಊರು ಮಲಗಿರುತ್ತದೆ. ಆಗ ಟ್ಯಾಂಕಿನಿಂದ ಹೊರಗೆ ಹೋಗುವ ಪೈಪಿನ ಮೀಟರು ನೋಡಿ. ಸಂಪು ತುಂಬಿಕೊಳ್ಳುವ ಮನೆಗಳದ್ದು ಬಿಟ್ಟರೆ ಮಿಕ್ಕಿದ್ದು ಬಹುಪಾಲು ಸೋರಿಕೆ. ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವಿನ ರಾಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದೆವು. ಒಳಗೆ ನೀರು ಸೋರುತ್ತಿದ್ದರೆ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಚುಯ್ ಅನ್ನುತ್ತದೆ. ಪಕ್ಕದ ವಾಲ್ವಿಗೆ ಹೋದರೆ ಸದ್ದು ಹೆಚ್ಚುತ್ತದೆ ಇಲ್ಲವೇ ಸಣ್ಣಗಾಗುತ್ತದೆ. ಹಾಗೆ ಹುಡುಕುತ್ತಾ ಹೋಗಿ, ಬೆಳಗ್ಗೆ ಅಲ್ಲಿ ಅಗೆಸುತ್ತಿದ್ದೆವು. ನೆಲಕ್ಕೆ ಹೋದ ಆ ನೀರನ್ನೂ ಕರೆಂಟು ಸುಟ್ಟೇ ಎತ್ತಿರುತ್ತೇವೆ, ಅಲ್ವಾ?

ಹಿನ್ನೀರಿನವಳು

ಶರಾವತಿ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಜ್ಜನ ಗದ್ದೆ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಾವಿಯ ಕಟ್ಟೆ ಮೇಲೆದ್ದು ಕಾಣುತ್ತದೆ. ಅಪ್ಪ ಅದನ್ನು ನೋಡಲು ಪ್ರತಿ ಏಪ್ರಿಲ್ ಹೋಗುತ್ತಿದ್ದರು. ನಮ್ಮದು ನೀರಿನ ಕರೆಂಟು ಎಂದು ಯಾರಾದರೂ ಸಲೀಸಾಗಿ ಹೇಳಿದರೆ ನನಗೆ ಆ ಕಟ್ಟೆ ಕಣ್ಣಿಗೆ ಬರುತ್ತದೆ.

ಆ ಹಿರಿಯರಿಗೆ ಹೀಗೆ ಹೇಳಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆದರೆ ಅಲ್ಲಿ ಹುಟ್ಟಿದ ಕರೆಂಟು ಜಿಲ್ಲೆಯ ಗಡಿಯಲ್ಲಿ ನಿಲ್ಲುವುದಿಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಕರೆಂಟಿನ ಜೊತೆ ಒಂದೇ ಗ್ರಿಡ್ಡಿಗೆ ಸೇರುತ್ತದೆ. ನಮ್ಮ ಸ್ವಿಚ್ಚಿಗೆ ಬಂದದ್ದು ಯಾವುದು ಎಂದು ಬೇರೆ ಮಾಡಿ ತೋರಿಸಲು ಆಗುವುದಿಲ್ಲ. ನಾವು ಒಂದು ಯೂನಿಟ್ ಉಳಿಸಿದರೆ ಅಷ್ಟು ನೀರು ಅಣೆಕಟ್ಟಿನಲ್ಲೇ ಉಳಿಯಬಹುದು. ಸಂಜೆ ಎಲ್ಲರ ಮನೆ ದೀಪ ಹತ್ತುವ ಹೊತ್ತಿಗೆ ಅದನ್ನು ಬಿಟ್ಟರೆ ಎಲ್ಲೋ ಒಂದು ಕಡೆ ಅಷ್ಟು ಕಲ್ಲಿದ್ದಲು ಉರಿಯುವುದಿಲ್ಲ.

ಕಸದ ಬಗ್ಗೆಯೂ ನಿಮ್ಮ ನಾಲ್ಕು ಪುಟದಲ್ಲಿ ಬರಲಿ. ಹಸಿ ಕಸ ರಾಶಿಯಲ್ಲಿ ಗಾಳಿ ಸಿಗದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಗೊಬ್ಬರ ಮಾಡೋಣ ಎಂದು ನಮ್ಮ ಬೀದಿಯಲ್ಲೂ ಶುರು ಮಾಡಿದೆವು. ಜುಲೈ ಮಳೆಗೆ ಗುಂಡಿ ಕೆಸರಾಗಿ, ಹುಳ ಬಿದ್ದು, ನಾತಕ್ಕೆ ಎಲ್ಲರೂ ಬಿಟ್ಟರು. ತಪ್ಪಾಗಿದ್ದು ಒಣ ಎಲೆ ಇಲ್ಲದೆ. ಮಾರ್ಚಿನಲ್ಲಿ ಅದೇ ಬೀದಿಯ ಮೂಲೆಯಲ್ಲಿ ಗುಡಿಸಿದ ದರಕಿಗೆ, ಅಂದರೆ ಅದೇ ಒಣ ಎಲೆಗೆ, ಬೆಂಕಿ ಹಾಕಿದ್ದೆವು! ಮುಂದಿನ ವರ್ಷ ಮಳೆಗಾಲಕ್ಕೆ ಸೌದೆ ಒಟ್ಟುವ ಹಾಗೆ ದರಕನ್ನು ಚೀಲ ತುಂಬಿ ಮಾಡಿನ ಕೆಳಗೆ ಒಟ್ಟಿದೆವು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ದರಕು. ಮೇಲೆ ತಗಡು. ಈಗ ಮಳೆಗಾಲದಲ್ಲೂ ನಡೆಯುತ್ತಿದೆ.

ಹೊಳೆ ಪಕ್ಕದವ

ಎಲ್ಲ ಸರಿ. ಆದರೆ ಹೊಗೆ ಕಡಿಮೆಯಾದ ಮಾತ್ರಕ್ಕೆ ನಾಳೆ ನಮ್ಮ ಓಣಿಗೆ ನೀರು ನುಗ್ಗುವುದು ನಿಲ್ಲುವುದಿಲ್ಲ. ಅದಕ್ಕೆ ಬೇರೆ ಪುಟ ಇಡಿ.

2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ನಮ್ಮ ಮನೆಯ ಗೋಡೆಯ ಮೇಲೆ ಉಳಿದ ಗೆರೆ ನನ್ನ ಸೊಂಟಕ್ಕೆ ಬರುತ್ತದೆ. ಎರಡು ಸಲ ಸುಣ್ಣ ಹೊಡೆಸಿದೆ, ಮಳೆಗಾಲದ ತೇವಕ್ಕೆ ಮತ್ತೆ ಎದ್ದು ಕಾಣುತ್ತದೆ. ಊರಿನ ಮೇಲ್ಗಡೆ ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟು ಚಿಕ್ಕದು, ಮಳೆ ಶುರುವಾದ ಕೆಲವೇ ವಾರಕ್ಕೆ ತುಂಬುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಹೊಯ್ದದ್ದೆಲ್ಲ ನಮ್ಮ ಸೇತುವೆಯ ಕೆಳಗೇ ಬರಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಬೀಳುವಾಗ ಒಮ್ಮೆಗೇ ಬೀಳುತ್ತದೆ.

ನಮ್ಮಲ್ಲಿ ನೀರು ಮೊದಲು ಬಂದದ್ದು ಹೊಳೆಯ ದಂಡೆ ದಾಟಿಕೊಂಡಲ್ಲ, ಚರಂಡಿಯಿಂದ. ಹೊಳೆ ಏರಿ ಚರಂಡಿಯ ಬಾಯಿ ಮುಳುಗಿತು. ಹೊರಗೆ ಹೋಗಬೇಕಾದ ನೀರು ತಿರುಗಿ ಮನೆಯ ಬಚ್ಚಲಿನಿಂದ ಮೇಲೆ ಬಂತು. ಚರಂಡಿ ಹೊಳೆಗೆ ಸೇರುವ ಕಡೆ ಒಳಗಿನಿಂದ ಮಾತ್ರ ತೆರೆದುಕೊಳ್ಳುವ ಬಾಗಿಲು ಕೂರಿಸಬೇಕು. ಅದು ಮುಚ್ಚಿದಾಗ ಒಳಗಿನ ಮಳೆನೀರು ನಿಲ್ಲಲು ಜಾಗವೂ ಬೇಕು. ಆ ಜಾಗ ಎಂದರೆ ನಮ್ಮ ಕೆರೆಗಳು. ಮರದ ಬುಡದವರೆಗೂ ಕಾಂಕ್ರೀಟ್ ಮೆತ್ತುವುದನ್ನೂ ನಿಲ್ಲಿಸಲಿ.

ಗೋಪಾಳದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ಪುಟವನ್ನು ಹರಿದು ಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಮೊದಲ ಪುಟ ಬಿಲ್ಲು, ಎರಡನೆಯದು ಪಂಪು ಮತ್ತು ಕಸ. ಮಿಕ್ಕ ಎರಡೂ ನೆರೆಗೆ. ನಮ್ಮ ಬಡಾವಣೆಯ ಪಾರ್ಕಿನ ಎರಡು ಬೋರಿನ ಆರ್‌ಆರ್ ನಂಬರ್ ನಿನ್ನೆಯೇ ಬರೆದುಕೊಂಡು ಬಂದೆ. ಹೊಳೆ ಪಕ್ಕದ ಸರ್, ಆ ಗೆರೆಯ ಅಳತೆ ತೆಗೆದುಕೊಳ್ಳಲು ಭಾನುವಾರ ಮಕ್ಕಳನ್ನು ಕರೆದುಕೊಂಡು ಬರಬಹುದೇ?

ಹೊಳೆ ಪಕ್ಕದವ

ಬನ್ನಿ ಟೀಚರ್. ಟೇಪು ತನ್ನಿ. ಪಕ್ಕದ ಆರು ಮನೆಯಲ್ಲೂ ಗೆರೆ ಇದೆ, ಎಲ್ಲರಿಗೂ ಹೇಳಿಡುತ್ತೇನೆ.