ಲೀಸ್ 80 ವರ್ಷಕ್ಕೆ ಇಳಿಯಲು ಐದೇ ತಿಂಗಳು ಉಳಿದಿದೆ. ಫ್ರೀಹೋಲ್ಡರ್ ಪತ್ರಕ್ಕೆ ಸಹಿ ಹಾಕಲೇ?

ಮಲೆನಾಡ ಮಗಳು (ಏಪ್ರಿಲ್ 2025)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಇರುವವರು ದಯವಿಟ್ಟು ಸ್ವಲ್ಪ ದಾರಿ ತೋರಿಸಿ.

ಹೋದ ಆಗಸ್ಟ್‌ನಲ್ಲಿ ನಾನೂ ನಮ್ಮ ಯಜಮಾನರೂ ರೆಡಿಂಗ್‌ನಲ್ಲಿ ಒಂದು ಫ್ಲ್ಯಾಟ್ ಕೊಂಡೆವು. ಇಲ್ಲಿ ಫ್ಲ್ಯಾಟ್ ಕೊಂಡರೆ ಸಿಗುವುದು ಲೀಸ್, ಅಂದರೆ ಇಷ್ಟು ವರ್ಷ ಅಂತ ಗೊತ್ತಾದ ಅವಧಿಯ ಹಕ್ಕು ಮಾತ್ರ. ನಮ್ಮ ಲೀಸಿಗೆ 1982ರಲ್ಲಿ ಸಹಿ ಆಗಿದೆ, 125 ವರ್ಷ. ಹಾಗಾದರೆ ಇನ್ನೂ 82 ವರ್ಷ ಇದೆ ಅಂದುಕೊಂಡು ನೆಮ್ಮದಿಯಾಗಿದ್ದೆ. ಮೊನ್ನೆ ರಾತ್ರಿ ಮಗು ಮಲಗಿದ ಮೇಲೆ ಲೀಸ್ ಪ್ರತಿ ಹಿಡಿದು ಕೂತೆ. ಮೂರನೇ ಪುಟದಲ್ಲಿ ಅವಧಿ ಶುರುವಾಗುವ ತಾರೀಖೇ ಬೇರೆ ಇದೆ: 1980ರ ಸೆಪ್ಟೆಂಬರ್ 29. ಅಂದರೆ ಈಗ ಉಳಿದಿರುವುದು 80 ವರ್ಷ, 5 ತಿಂಗಳು. 80ರ ಕೆಳಗೆ ಇಳಿದರೆ ಲೀಸ್ ಏರಿಸಲು ಖರ್ಚು ಜಾಸ್ತಿ ಅಂತ ಕೇಳಿದ್ದೆ, ಎದೆ ಧಸಕ್ ಅಂತು.

ಇದೇ ಹೊತ್ತಿಗೆ ಫ್ರೀಹೋಲ್ಡರ್ (ಕಟ್ಟಡ, ಜಾಗದ ಮೂಲ ಮಾಲೀಕರು) ಕಡೆಯಿಂದ ಪತ್ರ ಬಂದಿದೆ. 11,000 ಪೌಂಡ್ ಕೊಟ್ಟರೆ ಲೀಸನ್ನು ಮತ್ತೆ 125 ವರ್ಷಕ್ಕೆ ಏರಿಸುತ್ತಾರಂತೆ. ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ) ವರ್ಷಕ್ಕೆ 150 ಪೌಂಡ್, ಹಳೇ ಅವಧಿ ಮುಗಿಯುವವರೆಗೂ ಹಾಗೇ ಇರುತ್ತದಂತೆ. 21 ದಿನದಲ್ಲಿ ಉತ್ತರ ಕೊಡಬೇಕಂತೆ. ಕೊಂಡು ಎರಡು ವರ್ಷ ಆಗುವವರೆಗೆ ಲೀಸ್ ಏರಿಸಲು ಕಾನೂನಿನ ದಾರಿ ಇಲ್ಲ ಅಂತ ಏಜೆಂಟ್ ಹೇಳಿದ್ದರು. ಆಫೀಸಿನ ಗೆಳತಿ ಮಾತ್ರ, ಲೀಸನ್ನು 990 ವರ್ಷಕ್ಕೆ ಏರಿಸುವ ಹೊಸ ಕಾನೂನು ಬರುತ್ತೆ, ಕಾಯಿ ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಹಾಸನದವ

ಮೇಡಂ, ಮೊದಲು ಆ 21 ದಿನದ ಭಯ ಬಿಡಿ. ಅದು ಅವರೇ ಹಾಕಿಕೊಂಡ ಗಡುವು, ಕಾನೂನಿನದಲ್ಲ. ಎರಡು ವರ್ಷ ಕಾಯಬೇಕು ಅನ್ನುವ ನಿಯಮವೂ ಈ ಜನವರಿ 31ರಿಂದ ಹೋಗಿದೆ. ಮನೆ ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಿದ್ದರೆ, ಲೀಸ್ ಏರಿಸಿಕೊಡಿ ಅಂತ ಫ್ರೀಹೋಲ್ಡರ್‌ಗೆ ನಾಳೆಯೇ ಕಾನೂನಿನ ನೋಟಿಸ್ ಕೊಡಬಹುದು.

ತುಂಗಾತೀರ

ಸಹಿ ಹಾಕಬೇಡಿ ತಾಯಿ. ಕೈ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಲೆಕ್ಕ ನೋಡಿ. ಅವರು ಕೊಡುವುದು ಬರೀ 45 ವರ್ಷ, ಅದೂ ಗ್ರೌಂಡ್ ರೆಂಟ್ ಉಳಿಸಿಕೊಂಡು. 1993ರ ಲೀಸ್‌ಹೋಲ್ಡ್ ಕಾಯ್ದೆಯ ಪ್ರಕಾರ ಆ ನೋಟಿಸ್ (ಸೆಕ್ಷನ್ 42 ನೋಟಿಸ್) ಕೊಟ್ಟರೆ, ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ. ಒಟ್ಟು 170. ಗ್ರೌಂಡ್ ರೆಂಟ್ ಪೂರ್ತಿ ಸೊನ್ನೆ. ಇದು ನಿಮ್ಮ ಹಕ್ಕು, ಅವರ ದಯೆ ಅಲ್ಲ.

ಈ 80ರ ಗೆರೆ ಯಾಕೆ ಮುಖ್ಯ ಅಂದರೆ ಮ್ಯಾರೇಜ್ ವ್ಯಾಲ್ಯೂ. ಲೀಸ್ ಉದ್ದವಾದಾಗ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, 80ರ ಕೆಳಗೆ ಇಳಿದರೆ ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್ ಪಾಲು. ನಾವು ಕ್ರಾಯ್ಡನ್‌ನಲ್ಲಿ ಇವತ್ತು ನಾಳೆ ಅಂತ ತಳ್ಳಿದೆವು. ನೋಟಿಸ್ ಕೊಡುವ ಹೊತ್ತಿಗೆ 79 ಆಗಿತ್ತು. ಅದೊಂದಕ್ಕೇ ಐದು ಸಾವಿರ ಪೌಂಡ್ ಜಾಸ್ತಿ ಹೋಯಿತು. ಮಗಳ ಕಾಲೇಜಿಗೆ ಅಂತ ಇಟ್ಟಿದ್ದ ದುಡ್ಡು. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಒಂದು ಸಮಾಧಾನ ಇದೆ. ನೋಟಿಸ್ ಕೊಟ್ಟ ದಿನ ಎಷ್ಟು ವರ್ಷ ಉಳಿದಿತ್ತೋ ಅದೇ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಚೌಕಾಸಿ ಎಷ್ಟು ತಿಂಗಳು ಎಳೆದರೂ ಪರವಾಗಿಲ್ಲ. ಆದ್ದರಿಂದ ನೀವು ಸೆಪ್ಟೆಂಬರ್ ಒಳಗೆ ಮುಗಿಸಬೇಕಿಲ್ಲ, ನೋಟಿಸ್ ಅವರ ಕೈ ಸೇರಿದರೆ ಸಾಕು.

ಮೊದಲು ಸರ್ವೇಯರ್ ಹತ್ತಿರ ಬೆಲೆ ಕಟ್ಟಿಸಿ. ಲೀಸ್ ಏರಿಸಲು ನೀವು ಎಷ್ಟು ಕೊಡುತ್ತೀರಿ ಅಂತ ನೋಟಿಸಿನಲ್ಲಿ ಒಂದು ಮೊತ್ತ ಬರೆಯಬೇಕು, ಸುಮ್ನೆ ಬಾಯಿಗೆ ಬಂದದ್ದು ಬರೆದರೆ ನೋಟಿಸೇ ಬಿದ್ದುಹೋಗಬಹುದು. ಆ ಮೊತ್ತದ ಶೇ. 10 ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅಷ್ಟನ್ನು ಠೇವಣಿಯಾಗಿ ಕೇಳುತ್ತಾರೆ. ಅವರಿಗೆ ಉತ್ತರ ಕೊಡಲು ಕನಿಷ್ಠ ಎರಡು ತಿಂಗಳು ಬಿಡಬೇಕು. ಉತ್ತರ ಬಂದ ಮೇಲೂ ಬೆಲೆ ಹೊಂದದಿದ್ದರೆ, ಆರು ತಿಂಗಳೊಳಗೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ. ಈ ತಾರೀಖನ್ನು ಮಾತ್ರ ಗೋಡೆ ಮೇಲೆ ಬರೆದಿಡಿ. ತಪ್ಪಿದರೆ ಎಲ್ಲ ರದ್ದಾಗಿ, ಇನ್ನೊಂದು ನೋಟಿಸಿಗೆ ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ 80ರ ಕೆಳಗೆ ಇಳಿದಿರುತ್ತದೆ.

ಅವರ ವಕೀಲರು, ಸರ್ವೇಯರ್ ಖರ್ಚೂ ನಿಮ್ಮ ತಲೆ ಮೇಲೇ ಬರುತ್ತದೆ. ಈಗಲೇ ಸೇರಿಸಿ ಲೆಕ್ಕ ಹಾಕಿ.

ಹಾಸನದವ

990 ವರ್ಷದ್ದು ನಿಜ. 2024ರ ಮೇ 24ರಂದು ಕಾಯ್ದೆ ಆಯಿತು. ಮ್ಯಾರೇಜ್ ವ್ಯಾಲ್ಯೂ ತೆಗೆಯುವುದೂ ಅದರಲ್ಲೇ ಇದೆ. ಆದರೆ ಆ ಭಾಗಗಳು ಇನ್ನೂ ಜಾರಿಗೆ ಬಂದಿಲ್ಲ. 70 ವರ್ಷ ಉಳಿದವರು ಕಾದರೆ ಅರ್ಥ ಇದೆ. ನೀವು ಗೆರೆಯ ಈಚೆ ಇದ್ದೀರಿ, ಯಾಕೆ ಕಾಯಬೇಕು?

ಇನ್ನೊಂದು. ಆ ಪತ್ರ ಬರೆದವರೇ ಫ್ರೀಹೋಲ್ಡರ್ ಇರಬೇಕೆಂದಿಲ್ಲ, ಏಜೆಂಟ್ ಇರಬಹುದು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಆಸ್ತಿ ಯಾರ ಹೆಸರಲ್ಲಿದೆ ಅಂತ ದಾಖಲಿಸುವ ಸರ್ಕಾರಿ ಕಚೇರಿ) 7 ಪೌಂಡ್ ಕೊಟ್ಟರೆ ರಿಜಿಸ್ಟರ್ ಪ್ರತಿ ಸಿಗುತ್ತದೆ. ಫ್ರೀಹೋಲ್ಡಿನದೂ ತೆಗೆಸಿ, ನಿಮ್ಮದೂ ತೆಗೆಸಿ. ಫ್ಲ್ಯಾಟ್ ಇಬ್ಬರ ಹೆಸರಲ್ಲಿದ್ದರೆ ನೋಟಿಸಿನಲ್ಲೂ ಇಬ್ಬರ ಹೆಸರೂ ಇರಬೇಕು.

ಮಲೆನಾಡ ಮಗಳು (ಮೂರು ವಾರದ ನಂತರ)

ಹಾಸನದವರೇ, ನಿಮ್ಮ ಆ 7 ಪೌಂಡಿನ ಮಾತು ನನ್ನನ್ನು ಉಳಿಸಿತು. ರಿಜಿಸ್ಟರ್ ತೆಗೆಸಿದರೆ ಅದರಲ್ಲಿ ಇನ್ನೂ ನಮಗೆ ಮಾರಿದವರ ಹೆಸರೇ ಇತ್ತು! ಕೊಂಡು ಎಂಟು ತಿಂಗಳಾದರೂ ಅರ್ಜಿ ಸಾಲಿನಲ್ಲೇ ಕೂತಿತ್ತು. ಲೀಸ್ 80ರ ಗೆರೆ ದಾಟುತ್ತದೆ ಅಂತ ಕಾರಣ ಬರೆದು, ಬೇಗ ಮಾಡಿಕೊಡಿ ಅಂತ ನಮ್ಮ ವಕೀಲರಿಂದ ಕೇಳಿಸಿದೆವು. ಅದಕ್ಕೆ ಬೇರೆ ಶುಲ್ಕ ಇಲ್ಲ. ನಿನ್ನೆ ಹೊಸ ಪ್ರತಿ ಬಂತು, ನಮ್ಮಿಬ್ಬರ ಹೆಸರೂ ಇದೆ.

ತುಂಗಾತೀರ ಅಣ್ಣ, ಪತ್ರಕ್ಕೆ ಸಹಿ ಹಾಕಲಿಲ್ಲ. ಸರ್ವೇಯರ್ ಗುರುವಾರ ಬರುತ್ತಿದ್ದಾರೆ.